ಸರ್ವರ್ ನಿಂತ ರಾತ್ರಿ

ದೀಪ ಸ್ವಲ್ಪ ಸಣ್ಣ ಮಾಡಿ. ಇದು ಕತೆಯಲ್ಲ, ನನ್ನ ದೊಡ್ಡಪ್ಪನ ಮಗ ಅಂಜನಕುಮಾರನಿಗೆ ಆದದ್ದು. ತೆಲಂಗಾಣ ರಾಜ್ಯ ಆಗಿ ಮೂರನೇ ವರ್ಷ. ಮಕ್ತಲ್‌ನಲ್ಲಿ ಕಂಪ್ಯೂಟರ್ ಅಂಗಡಿ ಅವನದು. ಅವತ್ತು ಶಟರ್ ಎಳೆದಾಗ ಹನ್ನೊಂದೂವರೆ. ಮನೆ ದಾರಿಯಲ್ಲಿ ಬೀರಪ್ಪನ ಗುಡಿ, ಪಕ್ಕದಲ್ಲಿ ಪಾಳು ಬಾವಿ...

ಅಲ್ಲಿ ಫೋನ್ ಬಂತು. ಗದ್ವಾಲದ ಆಸ್ಪತ್ರೆಯಿಂದ, ಅವನ ತಂಗಿ ಭಾಗ್ಯಳ ಗಂಡ ಭೀಮಶಂಕರ್.

"ಭಾವಾ... ಭಾಗ್ಯಾಗ ಹೆರಿಗಿ ಆತ್ರಿ. ರಕ್ತ ನಿಲ್ಲವಲ್ದು. ಓ ನೆಗೆಟಿವ್ ಬೇಕಂತ, ಇಲ್ಲಿ ಇಲ್ಲ. ನಿಮ್ಮ ಲಿಸ್ಟ್ ತೆಗೀರಿ, ಲಗೂನ!"

ಲಿಸ್ಟ್ ಅಂದರೆ ರಕ್ತ ಕೊಡುವವರ ಹೆಸರು, ಗುಂಪು, ನಂಬರು. ನಮ್ಮ ಕುರುಬರು ಹಿಂಡಿನ ಜೊತೆ ಎಲ್ಲೆಲ್ಲೋ ಇರುತ್ತಾರೆ. ಯಾವ ಮೂಲೆಯಲ್ಲಿದ್ದರೂ ಮೊಬೈಲಲ್ಲಿ ಕಾಣಲಿ ಅಂತ ಅಂಜನಕುಮಾರ್ ವೆಬ್‌ಸೈಟ್ ಮಾಡಿದ್ದ. ಕುಲದವರೇ ವಂತಿಗೆ ಹಾಕಿದ್ದರು. ಸೈಟನ್ನು ಇಂಟರ್ನೆಟ್ಟಿನಲ್ಲಿ ಇಡುವ ಬಾಡಿಗೆಗೆ, ಅದೇ ಹೋಸ್ಟಿಂಗ್‌ಗೆ, ಎರಡು ಕಂಪನಿ ನೋಡಿದ. ಒಂದರದು ತಿಂಗಳಿಗೆ ಮುನ್ನೂರು, ನಡುರಾತ್ರಿಯೂ ಫೋನ್ ಎತ್ತುತ್ತಾರೆ. ಇನ್ನೊಂದರದು ಅರವತ್ತು. ಜಾಣ ನೋಡಿ, ಅರವತ್ತರದ್ದೇ ಹಿಡಿದ! ಉಳಿದದ್ದರಲ್ಲಿ ಬೀರಪ್ಪನ ಡೊಳ್ಳಿಗೆ ಹೊಸ ಚರ್ಮ ಹಾಕಿಸಿದ. ಹಿರಿಯರೆಲ್ಲ ಬೆನ್ನು ತಟ್ಟಿದರು. ಸೈಟು ಆಗಾಗ ನಿಲ್ಲುತ್ತಿತ್ತು. ದಿನಾ ಯಾರಿಗೆ ಬೇಕು ರಕ್ತ ಅಂತ ಸುಮ್ಮನಿದ್ದ. ಬೇರೆ ಕಡೆ ನಕಲೂ ಇಟ್ಟಿರಲಿಲ್ಲ.

ಈಗ ತೆರೆದ. ಬಿಳಿ ಪರದೆ, ಸರ್ವರ್ ಸಿಗುತ್ತಿಲ್ಲ. ಮತ್ತೆ ಒತ್ತಿದ... ಬಿಳಿ. ಕಂಪನಿಗೆ ಫೋನ್ ಹಚ್ಚಿದ. ಟ್ರೂಂ... ಟ್ರೂಂ... ಆಮೇಲೆ ರೆಕಾರ್ಡ್ ಮಾಡಿದ ದನಿ, ಬೆಳಿಗ್ಗೆ ಹತ್ತರ ಮೇಲೆ ಮಾಡಿ ಅಂತ. ಗೊತ್ತಿದ್ದವರಿಗೆಲ್ಲ ಮಾಡಿದ. ಯಾರದೂ ಆ ಗುಂಪಲ್ಲ. ಮತ್ತೆ ಭೀಮಶಂಕರ್.

"ಭಾವಾ, ಆಕಿ ಮಾತಾಡವಲ್ಲಳು."

ಬಾವಿ ಕಟ್ಟೆ ಮೇಲೆ ಕುಸಿದು ಕೂತ. ಇನ್ನೂರ ನಲವತ್ತು ರೂಪಾಯಿ ಉಳಿಸೋಕೆ ಹೋಗಿ ತಂಗಿಯನ್ನು ಕೊಂದೆನಲ್ಲಪ್ಪಾ ಅಂತ ಎದೆ ಎದೆ ಬಡಿದುಕೊಂಡು ಅತ್ತ.

ಆಗ ಕೇಳಿತು. ಕಿರ್ರ್... ಕಿರ್ರ್... ರಾಟೆಯ ಸದ್ದು. ಆ ಬಾವಿಗೆ ರಾಟೆಯೇ ಇಲ್ಲ! ಆಮೇಲೆ ನೀರಿಗೆ ಕೊಡ ಇಳಿದ ಹಾಗೆ... ಬುಳುಕ್. ಒಳಗಿಂದ ಹೆಣ್ಣು ದನಿ.

"ಬರ್ಕೋ."

"ಯಾ... ಯಾರವ್ವಾ?"

"ಬರ್ಕೋಳಪ್ಪಾ. ಟೈಮಿಲ್ಲ."

ಒಂದೊಂದೇ ಅಂಕಿ ಹೇಳಿತು. ಒಟ್ಟು ಹತ್ತು. ಜೇಬಿನ ಪೆನ್ ತೆಗೆದು ಅಂಗೈ ಮೇಲೆ ಬರೆದುಕೊಂಡು, ಆ ನಂಬರಿಗೆ ಹಚ್ಚಿದ. ಕೆ.ಟಿ. ದೊಡ್ಡಿಯ ಪೆದ್ದಯ್ಯ ಅನ್ನುವವನು ಎತ್ತಿದ. ಓ ನೆಗೆಟಿವೇ! ಆ ಪುಣ್ಯಾತ್ಮ ಯಾಕೆ ಏನು ಅಂತ ಕೇಳದೆ ಬೈಕ್ ಹತ್ತಿ ಗದ್ವಾಲಕ್ಕೆ ಹೋದ. ಭಾಗ್ಯ ಉಳಿದಳು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಂಜನಕುಮಾರ್ ಅವನ ಕೈ ಹಿಡಿದುಕೊಂಡ. ಪೆದ್ದಯ್ಯನೇ ಮೊದಲು ಕೇಳಿದ.

"ನನ್ನ ನಂಬರ್ ಯಾರು ಕೊಟ್ರರೀ? ಸಿಮ್ ನಿನ್ನಿ ಸಂಜಿಕ ತಗೊಂಡೀನಿ. ನಮ್ಮ ತಂಗಿ ಬುಗ್ಗಮ್ಮಗ ಬಿಟ್ರ ಯಾರಿಗೂ ಹೇಳಿಲ್ಲ."

"ಆಕಿನ್ನ ಕರೀರಿ ಅಣ್ಣಾ, ಕಾಲಿಗೆ ಬೀಳ್ತೀನಿ."

ಪೆದ್ದಯ್ಯ ತಲೆ ತಗ್ಗಿಸಿದ.

"ಹೋಗಿ ಎರಡು ವರ್ಷ ಆತ್ರಿ. ಹೆರಿಗ್ಯಾಗ, ಹಿಂಗಾ ರಕ್ತ ಹೋಗಿ. ಆಕಿಗೂ ಇದಾ ಗುಂಪು ಬೇಕಿತ್ತು. ನಾ ಕುರಿ ಹಿಂದ ದೂರ ಇದ್ದೆ. ಫೋನ್ ಇರ್ಲಿಲ್ಲ. ಈಗ ತಗೊಂಡೀನಿ ನೋಡವ್ವಾ ಅಂತ ನಿನ್ನಿ ಆಕಿ ಫೋಟೋ ಮುಂದ ಕುಂತು ನಂಬರ್ ಓದಿ ಹೇಳಿದ್ದೆ..."

ಸುಳ್ಳಲ್ಲ. ಪಕ್ಕದಲ್ಲೇ ನಾನೂ ನಿಂತಿದ್ದೆ. ಪೆದ್ದಯ್ಯ ಫೋನ್ ತೋರಿಸಿದ, ಕಣ್ಣಾರೆ ನೋಡಿದೆ. ಅದಕ್ಕೆ ಬಂದ ಕರೆ ಒಂದೇ ಒಂದು. ರಾತ್ರಿ ಹನ್ನೆರಡು ಇಪ್ಪತ್ತಕ್ಕೆ, ಅಂಜನಕುಮಾರನದು.