ಕೆಂಚವ್ವನ ಸೇರು ರಾಗಿ

ಏಳು ಕೆರೆಗೂ ಒಂದೇ ಮುಗಿಲಿಂದ ನೀರು ಸುರಿಸುವ ಸ್ವಾಮಿಗೆ ಮೊದಲು ಕೈಮುಗಿಯೋಣ. ಇನ್ನು ಕೇಳಿ, ನನ್ನಪ್ಪಗಳಿರಾ, ತಾಯಂದಿರಾ.

ಹೆಸರು ಮರೆತುಹೋದ ಒಂದು ಸೀಮೆ. ಅಲ್ಲೊಂದು ಕೋಟೆ, ಕೋಟೆಗೊಬ್ಬ ನಾಯಕ. ಆನೆ, ಕುದುರೆ, ಕಾಲಾಳು, ಮೂರು ಪಡೆಯೂ ಇದ್ದವು. ಮೂರನ್ನೂ ನಡೆಸುತ್ತಿದ್ದದ್ದು ಕೆಂಚವ್ವನ ನಗಾರಿ. ಒಂದು ಪೆಟ್ಟು ಬಿದ್ದರೆ ಆನೆ ಮುಂದೆ. ಎರಡು ಬಿದ್ದರೆ ಕಾಲಾಳು ಇಬ್ಭಾಗವಾಗಿ ದಾರಿ ಬಿಡಬೇಕು. ಮೂರು ಬಿದ್ದರೆ ಕುದುರೆ ಪಕ್ಕದಿಂದ ನುಗ್ಗಬೇಕು.

ಆ ವರ್ಷ ಬೊಕ್ಕಸ ಬರಿದಾಯಿತು. ಗಡಿಯಲ್ಲೋ, ಹಗೆಯ ದಂಡು ಡೇರೆ ಹಾಕಿತ್ತು.

"ಖರ್ಚು ಇಳಿಸಲೇಬೇಕು. ಯಾರನ್ನು ಬಿಡಲಿ?" ಎಂದ ನಾಯಕ.

"ಕುದುರೆ ಬಿಡಿ ಬುದ್ಧೀ, ಹುರುಳಿ ತಿಂದು ಕೆನೆಯೋದೇ ಕೆಲಸ," ಅಂದ ಆನೆಯ ಸರದಾರ.

"ಆನೆ ಬಿಡಿ ಬುದ್ಧೀ, ಒಂದರ ಹೊಟ್ಟೆಗೆ ಒಂದು ಗದ್ದೆ ಕಬ್ಬು ಸಾಲದು," ಅಂದ ಕುದುರೆಯ ಸರದಾರ.

"ಎರಡನ್ನೂ ಬಿಡಿ. ನನ್ನಾಳುಗಳು ಹಿಡಿ ಹಿಟ್ಟಿಗೆ ಹೊಡೆದಾಡ್ತಾರೆ!" ಅಂದ ಕಾಲಾಳಿನ ಸರದಾರ.

ಮೂರು ದಿನ ಜಗಳ. ಕೊನೆಗೆ ಮೂವರೂ ಒಪ್ಪಿದ್ದು ಒಂದೇ ಮಾತಿಗೆ: ನಗಾರಿ ಬಿಡಿ, ಅದು ಯಾರನ್ನು ಕೊಂದಿದೆ? ಪಾಪ, ಕೆಂಚವ್ವನ ಪರ ಮಾತಾಡಲು ಆ ಸಭೆಯಲ್ಲಿ ಯಾರಿದ್ದರು, ಹೇಳಿ?

ಅವಳ ಕೂಲಿ, ದಿನಕ್ಕೊಂದು ಸೇರು ರಾಗಿ, ಉಳಿಯಿತು. ಕೆಂಚವ್ವ ಕೋಟೆಯಾಚೆ ಜೋಳದ ಹೊಲದ ಅಟ್ಟಣೆ ಹತ್ತಿ, ತಗಡು ಬಡಿದು ಗಿಳಿ ಓಡಿಸುತ್ತ, "ಸ್ವಾಮೀ, ಕೋಟೆ ಕಾಯಪ್ಪಾ" ಅನ್ನುತ್ತಿದ್ದಳು.

ಒಂದು ಬೆಳಗ್ಗೆ ಹಗೆ ಬಂದೇಬಿಟ್ಟಿತು. ನಗಾರಿಯಿಲ್ಲದೆ ಆನೆ ತಾನಾಗಿ ಹೊರಟಿತು, ಕುದುರೆ ಹೊರಡಲಿಲ್ಲ. ಕಾಲಾಳು ಆನೆಯ ಹಿಂದೆಯೇ ಒತ್ತೊತ್ತಾಗಿ ನಿಂತರು. ಹಗೆಗಳು ಪಂಜು ಬೀಸಿದರು. ಆನೆಗಳು ಬೆದರಿದವು, ಘೀಳಿಟ್ಟವು, ತಿರುಗಿದವು. ಎತ್ತ ತಿರುಗಿದವು? ತಮ್ಮವರ ಮೇಲೆಯೇ! ಅವರ ಬೆನ್ನಿಗೆ ಕೋಟೆಯ ಬಾಗಿಲು, ಅದೂ ಹಾರುಹೊಡೆದಿತ್ತು.

ಅಟ್ಟಣೆಯಿಂದ ಕೆಂಚವ್ವ ಎಲ್ಲ ಕಂಡಳು. ಸ್ವಾಮಿಯನ್ನು ನೆನೆದಳು, ತಗಡೆತ್ತಿದಳು.

ಧಣ್! ಧಣ್!

ಕಾಲಾಳುಗಳ ಕಾಲು ಮರೆತಿರಲಿಲ್ಲ. ಸಾಲು ಇಬ್ಭಾಗವಾಯಿತು, ಆನೆಗಳು ನಡುವೆ ಹಾದುಹೋದವು.

ಧಣ್! ಧಣ್! ಧಣ್!

ಪಕ್ಕದಿಂದ ಕುದುರೆ ನುಗ್ಗಿತು. ಆನೆಗಳನ್ನು ಅಟ್ಟಿಕೊಂಡು ಬಂದ ಹಗೆ ಕಾಲಾಳಿಗೂ ಕುದುರೆಗೂ ನಡುವೆ ಸಿಕ್ಕಿ ನುಗ್ಗುನುರಿಯಾಯಿತು. ಕೋಟೆ ಉಳಿಯಿತು.

ನಾಯಕ ಅಟ್ಟಣೆಯ ಬುಡಕ್ಕೆ ಬಂದ. "ಏನು ಕೊಡಲಿ, ಕೆಂಚವ್ವಾ?"

"ನನ್ನ ಸೇರು ರಾಗಿ, ಬುದ್ಧೀ."

"ಬೊಕ್ಕಸ ಇನ್ನೂ ಬರಿದೇ ಇದೆಯಲ್ಲವ್ವಾ!"

"ನೀವ್ಯಾಕೆ ಕೊಡ್ತೀರಿ? ಈ ಮೂವರು ಸರದಾರರ ಊಟದಿಂದ ದಿನಾ ಇಷ್ಟಿಷ್ಟು ತೆಗೆಸಿ. ಹೊಟ್ಟೆ ಚುರುಕ್ ಅಂದಾಗ ನನ್ನ ನೆನಪಾಗ್ತದೆ."

ಅಂದಿನಿಂದ ಮೂವರೂ ತಲೆ ತಗ್ಗಿಸಿ ಬಂದು, ಅವಳ ಮೊರಕ್ಕೆ ರಾಗಿ ಸುರಿದ ಮೇಲೆಯೇ ಉಣ್ಣಲು ಕೂತರು.

ಆ ಕೋಟೆ ಕಾಯ್ದ ಸ್ವಾಮಿ, ಇಲ್ಲಿ ಕೂತು ಕೇಳಿದ ನಿಮ್ಮ ಮನೆಗಳನ್ನೂ ಕಾಯಲಿ. ನಿಮ್ಮ ಯಾರ ಮೊರವೂ ಬರಿದಾಗದಿರಲಿ.