ಭರಮಣ್ಣ ಅರ್ಧಕ್ಕೆ ನಿಲ್ಲಿಸಿದ ಕತೆ

ಇದು ಆದದ್ದು ನಮ್ಮ ಸೋದರತ್ತೆಯ ಮಗ ಗೋಪೀನಾಥನಿಗೆ. ಹೋದ ಮಾಘದಲ್ಲಿ, ಬುಕ್ಕಸಾಗರದಲ್ಲಿ.

ಆಲೆಮನೆಯಿಂದ ಹೊರಟಾಗ ನಡುರಾತ್ರಿ ದಾಟಿತ್ತು. ಒಬ್ಬನೇ. ಕಾಲುವೆ ದಾರಿ ಬಿಟ್ಟು ಹಾಳುಬಾವಿಯ ಅಡ್ಡದಾರಿ ಹಿಡಿದ. ಇಪ್ಪತ್ತು ವರ್ಷದಿಂದ ಆ ದಾರಿ ತುಳಿದವನಲ್ಲ. ಆದರೆ ಆವತ್ತು ಅವಸರ... ಬಾಯಲ್ಲಿ ಅರ್ಧ ಕತೆ ಇತ್ತು. ಅದು ಆರುವ ಮೊದಲು ಕಾಗದಕ್ಕೆ ಇಳಿಸಬೇಕಿತ್ತು.

ಗೋಪೀನಾಥ ಜಿಲ್ಲಾ ಬೋರ್ಡಿನ ಶಾಲೆಯ ಮಾಸ್ತರ. ಬಳ್ಳಾರಿಯ ಒಂದು ಮಾಸಪತ್ರಿಕೆಯಲ್ಲಿ ಅವನ ಐದು ಕತೆ ಅಚ್ಚಾಗಿದ್ದವು. ಇಂಥವು ನಿಮಗೆ ಎಲ್ಲಿಂದ ಹೊಳೀತಾವ್ರಿ ಅಂತ ಯಾರಾದರೂ ಕೇಳಿದರೆ ಸಾಕು, ಕಣ್ಣು ಮುಚ್ಚಿ ಹಣೆ ಹಿಡಿದುಕೊಂಡು, ಪಿತ್ತ ಕೆದರಿದವನ ಹಾಗೆ ಕೂರುತ್ತಿದ್ದ. ಹೊಳೆಯುವುದೆಲ್ಲಾ ಸುಳ್ಳು. ಐದೂ ಆಲೆಮನೆಯ ಭರಮಣ್ಣ ಹೇಳಿದ ಕತೆಗಳು. ಇವನು ಹೆಸರು ಬದಲಿಸುತ್ತಿದ್ದ, ಕೊನೆಗೊಂದು ನೀತಿ ಅಂಟಿಸುತ್ತಿದ್ದ. ಅಷ್ಟೇ ದುಡಿಮೆ.

ಭರಮಣ್ಣ ಬೆಲ್ಲದ ಕೊಪ್ಪರಿಗೆ ಕಾಯುವವ. ಕಬ್ಬಿನ ಹಾಲು ರಾತ್ರಿಯಿಡೀ ಕುದಿಯಬೇಕು. ಒಲೆಗೆ ಸಿಪ್ಪೆ ಒಡ್ಡುವವರು ತೂಕಡಿಸಿದರೆ ಪಾಕ ಸೀದುಹೋಗುತ್ತದೆ. ಅದಕ್ಕೇ ಅಲ್ಲಿ ಕತೆ. ಕತೆಗೆ ಒಬ್ಬ ಹೂಂಗುಟ್ಟಬೇಕು, ಮಾತಿಗೊಂದು ಹೂಂ. ತಪ್ಪಿದರೆ ಭರಮಣ್ಣ ಅಲ್ಲೇ ಬಾಯಿ ಮುಚ್ಚುತ್ತಾನೆ. ಮನುಷ್ಯರು ಬಿಟ್ಟ ಹೂಂ ಬೇರೆ ಯಾರಾದರೂ ಎತ್ತಿಕೊಳ್ಳುತ್ತಾರಂತೆ. ಎತ್ತಿಕೊಂಡವರು ಕತೆ ಮುಗಿಯುವ ತನಕ ಬೆನ್ನು ಬಿಡುವುದಿಲ್ಲವಂತೆ. ಹೊಸ್ತಿಲು ದಾಟಿ ಒಳಗೂ ಬರುತ್ತಾರಂತೆ.

ಆ ರಾತ್ರಿ ಹೂಂಗುಟ್ಟುವ ಸರದಿ ಗೋಪೀನಾಥನದು. ಭರಮಣ್ಣ ಶುರು ಮಾಡಿದ. ಒಂದೂರಲ್ಲಿ ಅಕ್ಕ, ತಮ್ಮ. ಅಕ್ಕನ ಗಂಡ ಸತ್ತಿದ್ದ. ಒಂದು ರಾತ್ರಿ ಅಕ್ಕ ಎದ್ದಳು, ಬಾಗಿಲು ತೆಗೆದಳು, ಬಾವಿಗೆ ಹೋದಳು...

ಗೋಪೀನಾಥನ ಹೂಂ ಗಂಟಲಲ್ಲೇ ಉಳಿಯಿತು.

ಭರಮಣ್ಣ ನಿಲ್ಲಿಸಿಬಿಟ್ಟ. ಎಷ್ಟು ಕಾಡಿದರೂ ಮುಂದೆ ಹೇಳಲಿಲ್ಲ. ನೊರೆ ತೆಗೆಯುತ್ತಾ ಇಷ್ಟು ಮಾತ್ರ ಅಂದ:

“ನೀವು ಅಚ್ಚು ಹಾಕಿಸ್ತೀರಿ, ಗೊತ್ತೈತ್ರಿ ಮಾಸ್ತರ. ಹಾಕಿಸ್ರಿ. ಆದ್ರ ಕಾಗದದಾಗ ಹೂಂ ಅನ್ನೋರು ಯಾರ್ರಿ?”

ಗೋಪೀನಾಥ ನಕ್ಕು ಎದ್ದುಬಂದ. ಪತ್ರಿಕೆಯವರ ಕಾರ್ಡು ಬಂದು ವಾರವಾಗಿತ್ತು. ಬೆಳಗಿನ ಟಪಾಲಿಗೆ ಕತೆ ಹೋಗಲೇಬೇಕು. ಅರ್ಧ ಸಿಕ್ಕರೂ ಸಿಕ್ಕಿತಲ್ಲ. ಮರೆಯಬಾರದೆಂದು ಸಣ್ಣ ದನಿಯಲ್ಲಿ ಹೇಳಿಕೊಳ್ಳುತ್ತಾ ನಡೆದ. ಬಾವಿ ಹತ್ತಿರ ಬಂತು.

“ಒಂದೂರಾಗ ಅಕ್ಕ, ತಮ್ಮ ಇದ್ರು...”

“ಹೂಂ.”

ನಿಂತ. ಜೀರುಂಡೆಗಳು ಚಿರ್ರನೆ ಕೂಗುತ್ತಿದ್ದವು... ಅವೂ ನಿಂತವು.

ಮೊದಲು ಅವನಿಗೆ ನನ್ನ ನೆನಪೇ ಆಯಿತಂತೆ. ಆಗಬೇಕಾದದ್ದೇ. ಹಿಂದಿನ ತಿಂಗಳು ಅವನ ಕೊಡೆಯೊಳಗೆ ಓತಿಕ್ಯಾತ ಬಿಟ್ಟವನು ನಾನು. ಆದರೆ ಆ ರಾತ್ರಿ ನಾನು ಹೊಸಪೇಟೆಯಲ್ಲಿ, ಗದ್ದಕಟ್ಟಾಗಿ, ಮುಖ ಕುಂಬಳಕಾಯಿ ಮಾಡಿಕೊಂಡು ಮಲಗಿದ್ದೆ. ಬೇಕಾದರೆ ನಮ್ಮಮ್ಮನ್ನ ಕೇಳ್ರಿ.

“ಯಾರಲೇ ಅದು?” ಅಂದ ಗೋಪೀನಾಥ.

ಬಾವಿಯೊಳಗೆ ಒಂದು ಹನಿ... ಟಪ್. ಇನ್ನೊಂದು... ಟಪ್.

ಹೆಜ್ಜೆ ಕಿತ್ತಿಟ್ಟ. ಹಿಂದೆ ಒಣ ಎಲೆಗಳ ಮೇಲೆ ಒದ್ದೆ ಸೀರೆ ಎಳೆದ ಸದ್ದು. ಸರ್... ಸರ್... ಇವನು ನಿಂತರೆ ಅದೂ ನಿಂತಿತು.

ಎದುರಿಗೆ ಅವನ ಮನೆಯ ದೀಪ ಕಾಣುತ್ತಿತ್ತು. ಒಳಗೆ ಹೆಂಡತಿ ಇಂದಿರಾಬಾಯಿ, ಎಂಟು ತಿಂಗಳ ಕೂಸು. ಓಡಿಬಿಡಬಹುದಿತ್ತು. ಆದರೆ ಅದೂ ಹೊಸ್ತಿಲು ದಾಟಿ ಬಂದರೆ... ಕತೆ ಇಲ್ಲೇ ಮುಗಿಯಬೇಕು. ಮನೆ ಮುಟ್ಟುವ ಮೊದಲು.

ಹೇಳಿದ. ಅಕ್ಕ ಎದ್ದಳು. ಹೂಂ. ಬಾಗಿಲು ತೆಗೆದಳು. ಹೂಂ. ಬಾವಿಗೆ ಹೋದಳು.

“ಹೂಂ. ಮುಂದ?”

ಹೆಣ್ಣುದನಿ. ಕಿವಿಯ ಹಿಂದೆಯೇ.

ಮುಂದೆ ಏನೂ ಇರಲಿಲ್ಲ. ಐದು ಕತೆ ಬರೆದವನಿಗೆ ಒಂದು ಸಾಲು ಸ್ವಂತ ಕಟ್ಟಲು ಬರದು. ನೀರು ಸೇದಿಕೊಂಡು ಸುಖವಾಗಿ ಮನೆಗೆ ಬಂದಳು ಅಂದ.

“ಉಹೂಂ.”

ದಾರಿಯಲ್ಲಿ ಒಬ್ಬ ಸಾಧು ಸಿಕ್ಕ, ವರ ಕೊಟ್ಟ ಅಂದ. ಉಹೂಂ. ಕೊನೆಗೆ, ಕಾಲು ಜಾರಿ ಬಿದ್ದಳು ಅಂದ.

ಅದು ಊರೆಲ್ಲಾ ಹೇಳುತ್ತಿದ್ದ ಮಾತು. ಇದೇ ಬಾವಿಗೆ ಅವನ ಅಕ್ಕ ಭೀಮಾಬಾಯಿ ಬಿದ್ದಿದ್ದಳು. ಗಂಡ ಸತ್ತು ತವರಿಗೆ ಬಂದ ವರ್ಷ. ಅವನಿಗಾಗ ಹತ್ತು. ಕಾಲು ಜಾರಿತು ಅಂತ ಅವನೂ ಇಪ್ಪತ್ತು ವರ್ಷ ಹೇಳುತ್ತಾ ಬಂದಿದ್ದ.

ಈ ಸಲ ಉಹೂಂ ಕೂಡ ಬರಲಿಲ್ಲ. ಸರ್... ಸರ್... ಅದು ಅವನನ್ನು ದಾಟಿ ಮುಂದೆ ಹೊರಟಿತು. ಮನೆಯ ಕಡೆಗೆ.

“ನಿಲ್ಲು,” ಅಂದ. ದನಿ ಅವನದ್ದೇ ಅನ್ನಿಸಲಿಲ್ಲ. “ತಮ್ಮ ಎಚ್ಚರ ಇದ್ದ. ಅಕ್ಕ ಕೊಡ ಇಲ್ಲದ ಹೋದ್ಲು... ನೋಡಿದ. ಒಂದು ಸಲ ಕೂಗಿದ್ರ ಅಪ್ಪ ಏಳ್ತಿದ್ದ. ಕೂಗಲಿಲ್ಲ. ಅಂಜಿಕಿ... ಹೊದ್ದುಕೊಂಡುಬಿಟ್ಟ. ಸದ್ದು ಕೇಳಿಸ್ತು. ಆದ್ರೂ ಏಳಲಿಲ್ಲ. ಕತಿ ಅಷ್ಟೇ.”

ಒದ್ದೆ ಸೀರೆಯ ಸದ್ದು ನಿಂತಿತು. ಆಮೇಲೆ...

“ಹೂಂ.”

ಸಣ್ಣಗೆ. ತೊಟ್ಟಿಲು ತೂಗುವವರು ಅನ್ನುತ್ತಾರಲ್ಲ, ಹಾಗೆ. ಜೀರುಂಡೆಗಳು ಮತ್ತೆ ಶುರುವಾದವು. ಎಲೆಗಳು ಅಲುಗಲಿಲ್ಲ.

ಅವನು ಆ ಕತೆ ಬರೆಯಲಿಲ್ಲ. ಕತೆ ಇಲ್ಲ ಅಂತ ಪತ್ರಿಕೆಯವರಿಗೆ ಕಾರ್ಡು ಹಾಕಿದ. ಮರುರಾತ್ರಿ ಮತ್ತೆ ಆಲೆಮನೆಗೆ ಹೋಗಿ ಕೂತ. ಹೂಂಗುಟ್ತೀನಿ, ಮುಗಿಸು ಅಂದ. ಒಂದೂ ತಪ್ಪದಂತೆ ಹೂಂಗುಟ್ಟಿದ.

ಭರಮಣ್ಣ ಮುಗಿಸಿದ. ಅಕ್ಕ ಕೊಡ ಇಲ್ಲದೆ ಹೋದಳು. ತಮ್ಮ ಎಚ್ಚರ ಇದ್ದ. ಗೋಪೀನಾಥ ತಡೆದ. ಇದನ್ನು ಯಾರು ಹೇಳಿದರು ಅಂತ ಕೇಳಿದ. ತಾತ ಹೇಳ್ತಿದ್ದ ಕತೆ ಅಂದ ಭರಮಣ್ಣ; ತಾತ ಸತ್ತದ್ದು ದೊಡ್ಡ ಪ್ಲೇಗಿನಲ್ಲಿ, ಗೋಪೀನಾಥ ಹುಟ್ಟುವ ಮೊದಲೇ.

“ಆಮ್ಯಾಲ ತಮ್ಮ ಹಸಿರು ಕೌದಿ ಮುಖದ ಮ್ಯಾಲ ಎಳಕೊಂಡ,” ಅಂದ ಭರಮಣ್ಣ, ಕೊಪ್ಪರಿಗೆಯಲ್ಲಿ ಹುಟ್ಟು ತಿರುವುತ್ತಾ.

ನಾನು ಹೇಳುವುದರಲ್ಲಿ ಸುಳ್ಳಿರುತ್ತದೆ, ಇಲ್ಲ ಅನ್ನುವುದಿಲ್ಲ. ಇದರಲ್ಲಿಲ್ಲ. ಗೋಪೀನಾಥ ನಮ್ಮಮ್ಮನ ಮುಂದೆ ಕೂತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಾವಿಯ ಹತ್ತಿರ ಅವನು ಬರೀ ಹೊದ್ದುಕೊಂಡ ಅಂದಿದ್ದ. ಬಣ್ಣ ಹೇಳಿರಲಿಲ್ಲ.

ಕೌದಿ ಹಸಿರೇ ಇತ್ತು.