ಎದಿ ಮ್ಯಾಲಿನ ಹೆಸರು

ಏ ಏ... ಮಾಸ್ತರ! ಏಳ್ರಿ ಮ್ಯಾಲ! ಕಾಲು ಹಿಡಿಯೂದಂದ್ರ ಏನಿದು! ನಿಮ್ಮ ವಯಸ್ಸೆಷ್ಟು, ನನ್ನ ವಯಸ್ಸೆಷ್ಟು... ಚಾಳಿನ ಅಕ್ಕಪಕ್ಕದ ಖೋಲಿ ಮಂದಿ ನೋಡಿದ್ರ ನಗತಾರ. ಹಾಂ, ಹಂಗ. ಈ ಖುರ್ಚಿ ಮ್ಯಾಲ ಕುಂದರ್ರಿ. ಮೂರು ಮಾಳಿಗಿ ಹತ್ತಿ ಬಂದೀರಿ, ಮೊದಲ ಉಸುರು ತಗೋರಿ.

ಮಾತಾಡಾಕ ಹೋಗಬ್ಯಾಡ್ರಿ. ನನಗ ಎಲ್ಲಾ ಗೊತ್ತೈತಿ. ನಿಮ್ಮ ಸೊಸಿ ಮುಂಜಾನೆ ಫೋನ್ ಮಾಡಿದ್ಲಲ್ಲ... 'ನಮ್ಮ ಮಾವನವರು ಭಿಕಾಜಿ ಮಾಸ್ತರಂತ, ಮದುವಿ ಬ್ಯಾಂಡಿನ್ಯಾಗ ಕ್ಲಾರಿನೆಟ್ ಊದತಿದ್ರು. ಕೊರೊನಾ ಆಗಿ ನಿಮ್ಮ ಆಸ್ಪತ್ರಿಯೊಳಗ ನಲವತ್ತು ದಿನ ಇದ್ರು. ಗಂಟಲಕ್ಕ ತೂತು ಹಾಕಿ ನಳಿಗಿ ಇಟ್ಟಾರ, ದನಿ ಹೋಗೇತಿ. ಕೈ ನಡಗತಾವ, ಪೆನ್ನು ಹಿಡ್ಯಾಕೂ ಬರೂದಿಲ್ಲ. ಆದ್ರ ಯಾರನ್ನೋ ನೋಡಬೇಕಂತ ದಿನಾ ಹಟ ಹಿಡೀತಾರ. ಆ ವಾರ್ಡಿನ ಎಲ್ಲಾರ ಹೆಸರೂ ಒಂದೊಂದಾಗಿ ಓದಿದ್ವಿ. ಶೇವಂತಾ ಮಾವಶಿ ಅಂದ ಕೂಡಲೇ ಗೋಣು ಹಾಕಿದ್ರು...' ಫೋನಿನ್ಯಾಗ ಅತ್ತಬಿಟ್ಲು ಪಾಪ. ಕೆಳಗ ಟ್ಯಾಕ್ಸಿಯೊಳಗ ಕುಂತಾಳೇನು? ಕರೀಲೇನು?... ಬ್ಯಾಡಾ? ಆತು ಬಿಡ್ರಿ.

ಅಯ್ಯ, ಪೇಢೆ ಯಾಕ ತಂದ್ರಿ! ನಮ್ಮ ಕೆಲಸ ನಾವು ಮಾಡೇವಿ. ನೆಲಾ ಒರಸೂದು, ಹೇಸಿಗಿ ತಗಿಯೂದು, ಗಂಜಿ ಕುಡಸೂದು... ಆಸ್ಪತ್ರಿ ಆಯಾ, ಮಾವಶಿ ಅಂದ ಮ್ಯಾಲ ಅದ ಕೆಲಸ. ಅಲ್ಲಿ ನೋಡ್ರಿ, ಗ್ವಾಡಿ ಮ್ಯಾಲ. ಕಟ್ಟು ಹಾಕಿಸಿದ ಸರ್ಟಿಫಿಕೇಟು. 'ಕೊರೊನಾ ಯೋಧೆ.' ಮೂರು ತಿಂಗಳ ಒಂದು ದಿವಸಾನೂ ರಜಾ ಹಾಕಿಲ್ಲಂತ ಹೋದ ವಾರ ನಗರಸೇವಕರು ಶಾಲು ಹೊದಸಿ ಕೊಟ್ರು. ಇಡೀ ಚಾಳು ಚಪ್ಪಾಳಿ ಹೊಡೀತು.

ಯಾಕ ಹಂಗ ನೋಡಾಕತ್ತೀರಿ?

ಮೇಲಿಂದ ಕೆಳಗ ಅಳತಿ ತಗೊಂಡಂಗ... ಓ, ಗಿಡ್ಡ ಕಾಣತೇನೇನು? ಅದು ಆ ಕಿಟ್ಟು ಮಾಸ್ತರ. ತಲಿಯಿಂದ ಕಾಲತನಕ ಬಿಳೇ ಪ್ಲಾಸ್ಟಿಕ್ಕು, ಮ್ಯಾಲ ಕನ್ನಡಕ, ಮಾರಿಗೆ ಮಾಸ್ಕು... ಅದರೊಳಗ ಎಲ್ಲಾರೂ ಎತ್ತರ ಕಾಣತಾರ. ಯಾರು ಯಾರಂತ ನಮಗ ತಿಳೀತಿರಲಿಲ್ಲ, ಅದಕ್ಕ ಎದಿ ಮ್ಯಾಲ ಮಾರ್ಕರಿಲೆ ಹೆಸರು ಬರಕೊಂತಿದ್ವಿ. ನೀವೂ ಅದನ್ನ ಓದೀರಿ, ಹೌದಲ್ಲ? ಶೇವಂತಾ ಮಾವಶಿ. ಹಾಂ. ಅದು ನಾನ.

ಚಹಾ ಮಾಡ್ಲಿ?... ಬ್ಯಾಡಂದ್ರ ಬ್ಯಾಡ. ಈ ಪಾಕೀಟಿನ್ಯಾಗ ಏನೈತಿ? ಬಟ್ಟಿ... ಹಳದಿ ಡ್ರೆಸ್ ಪೀಸು. ನನಗ? ಅಲ್ಲಾ?... ಜಡಿ ತೋರಸಾಕತ್ತೀರಿ. ಹುಡುಗಿಗೆ? ಯಾವ ಹುಡು... ಓ. ಮಗಳಿಗೆ. ನನ್ನ ಮಗಳಿಗೆ. ಹಾಂ... ಹೌದು, ಹೇಳಿದ್ನಲ್ಲ ನಿಮಗ, ಮಗಳದಾಳ ಅಂತ. ಅದಾಳ, ಅದಾಳ. ಈಗ ಮನ್ಯಾಗಿಲ್ಲ. ನಾ ಕೊಡತೇನಿ ಬಿಡ್ರಿ.

ಮತ್ತ ಹಂಗ ನೋಡಾಕತ್ತೀರಿ. ಆ ಫೋಟೋ ಯಾಕ ನೋಡತೀರಿ? ಅವ ನನ್ನ ಮಗ. ಒಬ್ಬನ... ಅಂದ್ರ, ಫೋಟೋದಾಗ ಒಬ್ಬನ ಅದಾನ.

ದನೀನೂ ಬ್ಯಾರೆ ಕೇಳಸತೈತೇನು? ಮಾಸ್ಕಿನ ಒಳಗಿನ ದನಿ ಬ್ಯಾರೇನ ಇರತೈತಿ ಮಾಸ್ತರ. ನಿಮಗರ ಎಚ್ಚರ ಎಲ್ಲಿತ್ತು, ಔಷಧಿ ಗುಂಗಿನ್ಯಾಗ ಇದ್ರಿ. ಹಾಡಿನ ಮಂದಿ ಕಿವಿ ತಪ್ಪೂದಿಲ್ಲಂತೀರೇನು? ತಪ್ಪತೈತ್ರಿ. ಎಲ್ಲಾರದೂ ತಪ್ಪತೈತಿ.

ಆಮ್ಯಾಲ ನಾ ಯಾಕ ಬರಲಿಲ್ಲಂತ ಕೇಳಾಕತ್ತೀರಲ್ಲ, ಬೊಟ್ಟು ಆ ಕಡೆ ಈ ಕಡೆ ಮಾಡಿ? ಬ್ಯಾರೆ ವಾರ್ಡಿಗೆ ಹಾಕಿದ್ರು. ಅಷ್ಟ.

ಏನು... ಖುರ್ಚಿ ಯಾಕ ತಟ್ಟಾಕತ್ತೀರಿ?

ಟಕ್ ಟಕ್... ಟಕ್.

ಮಾಸ್ತರ, ಬ್ಯಾಡ.

ಏನು ಕಾಯಾಕತ್ತೀರಿ? ನಾನೂ ತಟ್ಟಬೇಕಾ? ತಿರುಗಿ? ಮಂಚದ ಕಬ್ಬಿಣಕ್ಕ ಹಿಂಗ ತಟ್ಟತಿದ್ಲೇನು... ತಟ್ಟತಿದ್ನೇನು ನಾ? ನೀವು ಮಾತಾಡಾಕ ಬರೂದಿಲ್ಲಂತ ಎರಡು ತಟ್ಟೂದು, ನಿಂದ್ರೂದು, ಒಂದು ತಟ್ಟೂದು... ಆಮ್ಯಾಲ ನೀವು ಏನೋ ತಟ್ಟೂದು... ನನಗ ನೆನಪಿಲ್ಲ. ನೂರು ಮಂದಿ ಪೇಶಂಟು, ಎಷ್ಟಂತ ನೆನಪಿಡ್ಲಿ!

ನಿಲ್ಲಸ್ರಿ ಅದನ್ನ. ಕೈ ಮುಗೀತೇನಿ, ನಿಲ್ಲಸ್ರಿ. ಎದುರು ಬಾಗಲಕ್ಕ ಕೇಳಸತೈತಿ.

...

ಬಾಗಲಾ ಮುಚ್ಚತೇನಿ, ತಡೀರಿ.

ವೈಜಯಂತಿ ಅಂತ ಅಕಿ ಹೆಸರು. ವೈಜೂ. ಈ ಎದುರಿನ ಖೋಲಿ. ಎತ್ತರ ಹೆಂಗಸು, ದನಿ ಸ್ವಲ್ಪ ಗೊಗ್ಗರು... ಹೌದಲ್ಲ? ಗೋಣು ಹಾಕಾಕತ್ತೀರಿ ನೋಡ್ರಿ. ಅಷ್ಟ ಗೊತ್ತಿತ್ತು ನಿಮಗ ಮೊದಲಿಂದ, ಆದ್ರೂ ಇಷ್ಟೊತ್ತು ನನ್ನ ಬಾಯಿಲೆ ಸುಳ್ಳು ಹೇಳಿಸಿದ್ರಿ.

ಬದಲಿ ಕಳಿಸಿದ್ದೆ ಮಾಸ್ತರ. ನನ್ನ ಬದಲಿ. ಮೊದಲೂ ಕಳಸತಿದ್ವಿ, ಜ್ವರ ಬಂದ್ರ, ಊರಿಗೆ ಹೋದ್ರ ಯಾರನ್ನರ ನಮ್ಮ ಹೆಸರಿಲೆ ನಿಲ್ಲಸೂದು ಇದ್ದದ್ದ. ಆದ್ರ ಅವಾಗ ಹಾಜರಿ ತಗೊಳ್ಳೂ ಮುಕಾದಮ ಮಾರಿ ನೋಡಿ ಬೈತಿದ್ದ. ಈಗ ಮಾರಿ ಎಲ್ಲೈತಿ? ಬೊಟ್ಟಿಟ್ಟು ಹಾಜರಿ ಹಾಕೂ ಮಶೀನೂ ಬಂದ್ ಮಾಡಿದ್ರು. ಮುಕಾದಮ ಗಾಜಿನ ಹಿಂದ ಕುಂತು ಅಲ್ಲಿಂದ್ಲೇ 'ಶೇವಂತಾ ಬಂದ್ಲಾ?' ಅನ್ನತಿದ್ದ. ಕೈ ಎತ್ತಿದ್ರ ಆತು.

ಕೊರೊನಾ ವಾರ್ಡಿಗೆ ನಾ ಎರಡು ದಿವಸ ಹೋಗಿದ್ದೆ. ಎರಡನೇ ದಿವಸ ಒಂದು ಹೆಣಾ ಪ್ಲಾಸ್ಟಿಕಿನ್ಯಾಗ ಸುತ್ತಾಕ ಹಚ್ಚಿದ್ರು. ಇಬ್ಬರ ಇದ್ವಿ. ಸುತ್ತೂ ಮುಂದ ಅದರ ಕೈ ನನ್ನ ಕೈ ಮ್ಯಾಲ ಬಿತ್ತು. ಮನಿಗೆ ಬಂದಾಕಿಗೆ ಅನ್ನ ನುಂಗಾಕ ಆಗಲಿಲ್ಲ. ಬರದಿದ್ರ ನೌಕರಿ ಹೋಗತೈತಿ ಅಂತ ನೋಟೀಸ್ ಹಚ್ಚಿದ್ರು. ಗಂಡ ಸತ್ತ ಮ್ಯಾಲ ಸಿಕ್ಕ ನೌಕರಿ ಅದು, ಬಿಟ್ಟು ಏನು ಮಾಡ್ಲಿ? ವೈಜೂ ನಾಕು ಮನಿ ಭಾಂಡಿ ತಿಕ್ಕತಿದ್ಲು. ಆ ಬಿಲ್ಡಿಂಗಿನವರು ಗೇಟು ಹಾಕಿಬಿಟ್ರು. ಮನ್ಯಾಗ ಹಿಟ್ಟಿಲ್ಲ. ಅಕೀನ ಬಂದು ಕೇಳಿದ್ಲು, 'ಅಕ್ಕಾ, ನಾ ಹೋಗ್ಲೇನು' ಅಂತ.

ಯಾಕ? ನಂಬಿಕಿ ಇಲ್ಲಾ?

...ಆತು. ನಾನ ಕೇಳಿದೆ. ಅಕಿ ಕಾಲು ಹಿಡಿದು ಕೇಳಿದೆ. ನೀವು ಈಗ ನನ್ನ ಕಾಲು ಹಿಡಿದ್ರಲ್ಲ, ಹಂಗ.

ಅಕಿಗೆ ಅಂಜಿಕಿ ಇರಲಿಲ್ಲ. ಸಂಜಿಗೆ ಬಂದು ನಿಮ್ಮ ಸುದ್ದಿ ಹೇಳತಿದ್ಲು. 'ಬ್ಯಾಂಡಿನ ಮುದುಕ ಒಬ್ಬ ಅದಾನ ಅಕ್ಕಾ, ನಾ ಮಂಚ ತಟ್ಟಿದ್ರ ಅದಕ್ಕ ತಾಳ ಹಚ್ಚತಾನ. ಆಮ್ರೂನ ಮದುವಿಗೆ ಅವನ ಕಡೆಯಿಂದ್ಲೇ ಊದಸತೇನಿ' ಅಂತಿದ್ಲು. ಆಮ್ರೂ ಅಂದ್ರ ಆಮ್ರಪಾಲಿ, ಅಕಿ ಮಗಳು. ಹಳದಿ ಬಟ್ಟಿ ಅಕಿಗೆ. ನನಗ ಮಗಳಿಲ್ಲ.

ಆ ತಟ್ಟೂದು ಅಕಿ ಬಾಗಲದ ಗುರುತು. ಹೊರಗಿಂದ ಬಂದಾಕಿ ಚಿಲಕಾ ಮುಟ್ಟತಿರಲಿಲ್ಲ. ಎರಡು ತಟ್ಟಿ, ನಿಂತು, ಒಂದು ತಟ್ಟತಿದ್ಲು. ಒಳಗಿಂದ ಹುಡುಗಿ ಒಂದು ತಟ್ಟಿ, ಬಿಸಿನೀರಿನ ಬಕೀಟು ಹೊರಗಿಟ್ಟು ಸರೀತಿತ್ತು. ಅವ್ವ ಖಿಚಡಿ ಬೇಯಿಸೂ ಕೇಂದ್ರಕ್ಕ ಹೋಗತಾಳಂತ ತಿಳಕೊಂಡಿತ್ತು ಅದು. ಈಗೂ ಹಂಗ ತಿಳಕೊಂಡೈತಿ.

ಇಪ್ಪತ್ತೆರಡನೇ ದಿವಸಕ್ಕ ಜ್ವರಾ ಬಂತು. ಆಮ್ಯಾಲ... ಹೋದ್ಲು. ಎಲ್ಲೂ ಬೆಡ್ ಸಿಗಲಿಲ್ಲ. ಆವಾಗ ಯಾರಿಗೆ ಸಿಗತಿತ್ತು ಹೇಳ್ರಿ? ಅಕಿ ನಸೀಬು. ಮುಗೀತು. ಇಷ್ಟ.

ಇಷ್ಟ ಅಂದ್ನಲ್ಲ ಮಾಸ್ತರ. ಇನ್ನೇನು ಬೇಕು ನಿಮಗ?

ಬೈಯಾಕ ಬರೂದಿಲ್ಲ ನಿಮಗ, ಅದ ಕಷ್ಟ. ಬೈದಿದ್ರ ನಾನೂ ನಾಕು ಮಾತು ಆಡತಿದ್ದೆ, ಹಗುರ ಆಗತಿತ್ತು. ಹಿಂಗ ಸುಮ್ಮನ ಕುಂತ್ರ... ಆ ನಳಿಗಿಯೊಳಗಿಂದ ಸುಂಯ್ ಸುಂಯ್ ಅಂತ ಉಸುರು ಬಿಟಗೋಂತ ಕುಂತ್ರ...

ಬೆಡ್ ಇತ್ತು.

ಇತ್ತು! ನಮ್ಮ ಆಸ್ಪತ್ರಿಯೊಳಗ ಕೆಲಸದವರಿಗಂತ ಎರಡು ಬೆಡ್ ತಗದಿಟ್ಟಿದ್ರು. ವೈಜೂಗೆ ಗೊತ್ತಿತ್ತು. ಜ್ವರಾ ಬಂದ ಮೂರನೇ ದಿವಸ ನನ್ನ ಕರೆಸಿ ಕಿಟಕಿಯೊಳಗಿಂದ ಹೇಳಿದ್ಲು, 'ಅಕ್ಕಾ, ನಿನ್ನ ಹೆಸರಿಲೆ ಹೋಗತೇನಿ. ಕಾರ್ಡು ಕೊಡು. ನನ್ನ ಹೆಸರಿಗೆ ಯಾರು ಬೆಡ್ ಕೊಡತಾರ?' ಅಂತ. ನಾ ಒಲ್ಲೆ ಅಂದೆ. ಯಾಕಂತ ಕೇಳ್ರಿ. ಅಕಿ ಅಲ್ಲಿ ನನ್ನ ಹೆಸರಿಲೆ ಸತ್ರ... ನಾ ಏನಾಗ್ಲಿ? ಕಾಗದಾ ಬರೀತಾರಲ್ಲ, ಶೇವಂತಾ ಗಮರೆ ತೀರಿಕೊಂಡ್ಲು ಅಂತ. ನೌಕರಿ ಹೋತು, ಪೆನ್ಶನ್ ಹೋತು, ಜೀವಂತ ಇದ್ದಾಕಿ ಸತ್ತಂಗ. ಇಪ್ಪತ್ತೆರಡು ದಿವಸ ಅಕಿ ನನ್ನ ಹೆಸರು ಹೊತ್ತು ಅಲ್ಲಿ ದುಡಿದ್ಲು. ಸಾಯಾಕ ಒಂದು ಹೆಸರು ಕೊಡು ಅಂದ್ರ ನಾ ಕೊಡಲಿಲ್ಲ.

ಅಂಬ್ಯುಲೆನ್ಸ್ ಮೂರು ಕಡೆ ತಿರುಗಿ ಕಡೀಕ ನಮ್ಮ ಗೇಟಿಗೇ ಬಂತು. ಬೆಡ್ ಇಲ್ಲ ಅಂದ್ರು. ಗೇಟಿನ್ಯಾಗ ಜೀವಾ ಬಿಟ್ಲು. ಅವತ್ತು ಡ್ಯೂಟಿ ಮ್ಯಾಲ ನಾನ ಇದ್ದೆ, ಬದಲಿ ಇರಲಿಲ್ಲಲ್ಲ. ಆ ಎರಡೂ ಬೆಡ್ಡಿಗೆ ಮುಂಜಾನೆ ಚಾದರ ಹಾಸಿದಾಕಿ ನಾನ. ಎರಡೂ ಖಾಲಿ ಇದ್ವು.

ಅವತ್ತಿಂದ ನಾ ದಿನಾ ಹೋಗತೇನಿ. ಹೆಣಾ ಸುತ್ತತೇನಿ, ಕೈ ಮುಟ್ಟತಾವ, ಏನೂ ಅನಸೂದಿಲ್ಲ. ನನಗ ಒಂದು ಸೀನೂ ಬರಲಿಲ್ಲ ಮಾಸ್ತರ.

ಏಳತೀರೇನು? ಪೇಢೆ ಬಿಟ್ಟು... ಇಲ್ಲಾ, ಒಯ್ಯಿರಿ, ಒಯ್ಯಿರಿ, ನಂದಲ್ಲ ಅದು. ಆದ್ರ ಹಳದಿ ಬಟ್ಟಿ ನನ್ನ ಕೈಯಾಗ ಕೊಡ್ರಿ, ನಾ ಮುಟ್ಟಸತೇನಿ... ಎಲ್ಲಿಗೆ? ಆ ಕಡೆ ಬ್ಯಾಡ್ರಿ!

ಕೇಳ್ರಿ ಇಲ್ಲಿ. ಆ ಹುಡುಗಿ ರೇಷನ್ ಸಾಲಿನ್ಯಾಗ ನಿಂತು ಬಂದಿತ್ತು ಒಂದು ದಿವಸ. ತಾನ ಜಡ್ಡು ತಂದು ಅವ್ವನ ಕೊಂದೆ ಅಂತ ತಿಳಕೊಂಡೈತಿ. ಚಾಳಿನವರೂ ಹಂಗ ಅಂತಾರ. ಎರಡು ತಿಂಗಳಾತು ಹೊಸ್ತಿಲಾ ದಾಟಿಲ್ಲ. ಕೈ ತೊಳಕೊಂಡು ತೊಳಕೊಂಡು ಚರ್ಮ ಸುಲದೈತಿ. ನಾ ಹೋಗಿ 'ನಿನ್ನ ತಪ್ಪಿಲ್ಲವ್ವಾ, ಬ್ಯಾಸರ ಮಾಡಕೋಬ್ಯಾಡ' ಅಂತೇನಿ. ಅಷ್ಟ ಅಂತೇನಿ. ಯಾಕ ತಪ್ಪಿಲ್ಲ ಅಂತ ಹೇಳೂದಿಲ್ಲ. ಹೇಳಬೇಕಂತ ದಿನಾ ಬಾಗಲತನಕ ಹೋಗತೇನಿ.

ನೀವು ಹೋಗಿ ಏನು ಹೇಳತೀರಿ? ದನಿ ಇಲ್ಲ, ಬರ್ಯಾಕ ಕೈಯಿಲ್ಲ... ಹೇಳೂ ಬಾಯಿ ಈ ಜಗಲಿ ಮ್ಯಾಲ ನನ್ನದೊಂದ ಐತಿ. ಗೊತ್ತೈತಿ ನನಗ. ಹಂಗ ನೋಡಬ್ಯಾಡ್ರಿ.

ಬಾಗಲಾ ಹಂಗ ತಟ್ಟಬ್ಯಾಡ್ರಿ ಮಾಸ್ತರ! ಬ್ಯಾರೆ ಹೆಂಗರ ತಟ್ಟರಿ, ಹಂಗ ಬ್ಯಾಡ... ಎರಡು... ಅಯ್ಯೋ ದೇವರ, ಬ್ಯಾಡ...

ಕೇಳಿದ್ರ್ಯಾ?

ಒಳಗಿಂದ ಒಂದು ತಟ್ಟಿತು.

ಓಡಿ ಬರಾಕತ್ತೈತಿ. ಬಕೀಟಿನ ಸಪ್ಪಳಾ... ಬಕೀಟು ತಗೊಂಡು ಬಂತು ನೋಡ್ರಿ, ಖಾಲಿ ಬಕೀಟು...

ಏ ಆಮ್ರೂ... ಯಾರಿಲ್ಲವ್ವಾ. ಯಾರೂ ಅಲ್ಲ. ಇವರಾ? ಇವರಿಗೆ ಮಾತು ಬರೂದಿಲ್ಲ, ಪಾಪ ಮುದುಕರು. ಮನಿ ತಪ್ಪಿ ಬಂದಾರ. ಆ ಬಟ್ಟಿ ನಿನಗಲ್ಲ... ಮುಟ್ಟಬ್ಯಾಡ. ಒಳಗ ಹೋಗವ್ವಾ.